ಊರವರ ವಾಚೂ ನಮ್ಮ ಮಾವನೂ

ನಮ್ಮ ಮಾವನಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಮಣಿಕಟ್ಟು ನೆನಪಿರುತ್ತಿತ್ತು. ಇದು ಉತ್ಪ್ರೇಕ್ಷೆ ಎಂದು ನಿಮಗೆ ಅನಿಸಿದರೆ ತಪ್ಪಿಲ್ಲ, ಅವರನ್ನು ನೋಡದವರಿಗೆಲ್ಲ ಹಾಗೇ ಅನಿಸುತ್ತದೆ. ಒಮ್ಮೆ ಕಬಕದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅವರ ಹೆಂಡತಿಯ ಸ್ವಂತ ತಂಗಿಯ ಗಂಡ ಎದುರಿಗೆ ಬಂದು, ಸೌಖ್ಯವಾ ಭಾವ ಎಂದು ಕೇಳಿದರು. ಮಾವ ಯಾರೋ ಪರಸ್ಥಳದವರನ್ನು ನೋಡುವ ಹಾಗೆ ಅವರ ಮುಖವನ್ನು ನೋಡಿದರು. ಆಮೇಲೆ ದೃಷ್ಟಿ ನಿಧಾನವಾಗಿ ಕೆಳಗಿಳಿದು ಎಡಗೈಗೆ ಬಂತು. ಬಂದದ್ದೇ ಮುಖ ಅರಳಿತು.

"ಓ, ನೀವಾ. ಇದು ಈಗಲೂ ದಿನಕ್ಕೆ ಸ್ವಲ್ಪ ಮುಂದೆ ಹೋಗ್ತದಾ?"

ಮಾವ ಎಂದರೆ ನನ್ನ ತಾಯಿಯ ಅಣ್ಣ. ಪುತ್ತೂರಿನಲ್ಲಿ ದಸ್ತಾವೇಜು ಬರೆಯುವ ಕೆಲಸ. ಜಾಗ ಕೊಡುವವರು, ಕೊಳ್ಳುವವರು, ಪಾಲು ಮಾಡಿಕೊಳ್ಳುವವರು ದಿನಬೆಳಗಾದರೆ ಅವರ ಮೇಜಿನ ಎದುರು ಕೈ ಚಾಚುತ್ತಿದ್ದರು. ಕೆಲವರದ್ದು ಹೆಬ್ಬೆಟ್ಟು, ಕೆಲವರದ್ದು ರುಜು. ರುಜು ಹಾಕುವವರ ಇನ್ನೊಂದು ಕೈ ಕಾಗದವನ್ನು ಒತ್ತಿ ಹಿಡಿಯುತ್ತದೆ ತಾನೇ? ಆ ಕೈಯ ಮೇಲೆ ಮಾವನ ಕಣ್ಣು. ಆಗಿನ್ನೂ ವಾಚು ಎಲ್ಲರ ಕೈಗೂ ಬಂದಿರಲಿಲ್ಲ. ಬೊಂಬಾಯಿಯಿಂದಲೋ ಕೊಲಂಬೊದಿಂದಲೋ ಬಂದ ಒಂದು ಚಿನ್ನದ ಬಣ್ಣದ ವಾಚು ಪೇಟೆಗೆ ಕಾಲಿಟ್ಟರೆ ಸಂಜೆಯೊಳಗೆ ಅದು ಮಾವನ ಅಂಗೈ ಹತ್ತಿ ಇಳಿಯಲೇಬೇಕು.

ಅವರ ಪರೀಕ್ಷೆಯಲ್ಲಿ ಮೂರು ವಿಷಯ: ಅಂದ, ಬಾಳಿಕೆ, ಬೆಲೆ. ಅಂದಕ್ಕಾಗಿ ವಾಚನ್ನು ತೋಳಿನ ಉದ್ದಕ್ಕೆ ಹಿಡಿದು ಒಂದು ಕಣ್ಣು ಮುಚ್ಚುವುದು. ಬಾಳಿಕೆಗಾಗಿ ಚೊಂಬು ಕವುಚಿಟ್ಟು ಅದರ ಮೇಲೆ ವಾಚಿಟ್ಟು, ಚೊಂಬಿಗೆ ಕಿವಿ ಕೊಡುವುದು. ಬೆಲೆಗೆ ಪರೀಕ್ಷೆಯೇನೂ ಇರಲಿಲ್ಲ. ಎಷ್ಟು ಕೊಟ್ಟಿರಿ ಎಂದು ಕೇಳುವುದು, ಏನು ಉತ್ತರ ಬಂದರೂ "ನಿಮಗೆ ಟೋಪಿ ಹಾಕಿದ್ದಾರೆ" ಎನ್ನುವುದು.

ಈ ಶ್ರದ್ಧೆಯಲ್ಲಿ ಕೆಲವೊಮ್ಮೆ ಕಸುಬಿಗೆ ಪೆಟ್ಟು ಬೀಳುತ್ತಿತ್ತು. ಒಬ್ಬರ ಜಾಗದ ಗಡಿ ಬರೆಯುವಾಗ ಮಾವ ಮೂಡು ದಿಕ್ಕಿಗೆ ನೀರು ಹರಿಯುವ ಸರಕಾರಿ ತೋಡು ಎಂದು ಸರಿಯಾಗಿಯೇ ಬರೆದಿದ್ದರು. ತೆಂಕು ದಿಕ್ಕಿಗೆ ಬರುವಷ್ಟರಲ್ಲಿ ಕಕ್ಷಿದಾರರು ಕೈ ಆಡಿಸಿದರು. ಅಂಗಿಯ ತೋಳಿನ ಒಳಗಿಂದ ವಾಚು ಹೊರಬಂತು. ಆಮೇಲೆ ಕರಡು ಓದಿ ನೋಡಿದ ಆ ಮನುಷ್ಯ ಬಹಳ ಹೊತ್ತು ಯೋಚಿಸಿ ಕೇಳಿದರಂತೆ:

"ಅಲ್ಲ ಮಾರಾಯ್ರೆ, ತೆಂಕಿಗೆ ಹದಿನೇಳು ಜುವೆಲ್ಸ್ ಅಂತ ಉಂಟಲ್ಲ, ಅದು ಯಾರ ಜಾಗ?"

ಜುವೆಲ್ಸ್ ಎಂದರೆ ವಾಚಿನ ಒಳಗೆ ಚಕ್ರಗಳು ಸವೆಯದಿರಲಿ ಎಂದು ಕೂರಿಸುವ ಸಣ್ಣ ಹರಳುಗಳು; ಎಷ್ಟು ಎಂದು ವಾಚಿನ ಮುಖದ ಮೇಲೆಯೇ ಬರೆದಿರುತ್ತದೆ. ಮಾವ ತಲೆ ಎತ್ತದೆ, "ಅದು ಸ್ವಿಸ್‌ನವರದ್ದು" ಎಂದರು. ಆಮೇಲೆ ಹೊಡೆದು ಹಾಕಿ, ನೆರೆಮನೆಯವರ ಹೆಸರು ಬರೆದರು.

ನಾನು ಕಾಣಿಯೂರಿನವಳು. ಪುತ್ತೂರಿನ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿದ ಮೇಲೆ ಮಾವನ ಮನೆಯಲ್ಲಿಯೇ ಇದ್ದೆ. ಅವರಿಗೆ ಮಕ್ಕಳಿರಲಿಲ್ಲ. ಅತ್ತೆ ನನ್ನನ್ನು ಮಗಳ ಹಾಗೆ ನೋಡಿಕೊಂಡರು. ಮಾವ ನನ್ನನ್ನು, ಕೈಯಲ್ಲಿ ವಾಚು ಇಲ್ಲದಿದ್ದರೂ, ಗುರುತು ಹಿಡಿಯುತ್ತಿದ್ದರು. ಅದೇ ದೊಡ್ಡದು.

ನಮ್ಮ ಶಾಲೆಯ ಡ್ರಿಲ್ ಮಾಸ್ಟರು ಒಂದು ಆಟೋಟದ ವಾಚು ತರಿಸಿದರು. ದೊಡ್ಡ ಮುಖದ ಒಳಗೆ ಎರಡು ಸಣ್ಣ ಮುಖ, ಬದಿಯಲ್ಲಿ ಎರಡು ಗುಂಡಿ. ಒಂದು ಗುಂಡಿ ಒತ್ತಿದರೆ ಮುಳ್ಳು ಹೊರಡುತ್ತದೆ, ನಿಲ್ಲುತ್ತದೆ. ಇನ್ನೊಂದು ಒತ್ತಿದರೆ ಮೊದಲಿನ ಜಾಗಕ್ಕೆ ಬರುತ್ತದೆ. ನಾನು ಇದನ್ನು ಮನೆಯಲ್ಲಿ ಹೇಳಿದ್ದೇ ತಪ್ಪು. ಶಾಲೆಯ ಕ್ರೀಡಾಕೂಟಕ್ಕೆ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಮೈದಾನಕ್ಕೆ ಸುತ್ತು ಹಾಕುವ ಓಟ ನಡೆಯುತ್ತಿತ್ತು. ಹುಡುಗರು ಕೊನೆಯ ಸುತ್ತಿನಲ್ಲಿದ್ದರು, ಮಾಸ್ಟರು ಗೆರೆಯ ಹತ್ತಿರ ಬಗ್ಗಿ ನಿಂತಿದ್ದರು. ಮಾವ ಅವರ ಕೈಯನ್ನು ಮೆಲ್ಲ ತನ್ನ ಕಡೆಗೆ ಎಳೆದುಕೊಂಡರು.

"ಇದು ಒತ್ತಿದರೆ ಎಂತ ಆಗ್ತದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒತ್ತಿದರು.

ಮುಳ್ಳು ಸೊನ್ನೆಗೆ ಬಂತು. ಸಮಯ ಬರೆಯಲೇಬೇಕಾಗಿದ್ದರಿಂದ ಮಾಸ್ಟರು ಮಕ್ಕಳನ್ನು ಮತ್ತೊಮ್ಮೆ ಓಡಿಸಿದರು. ಮೊದಲ ಸಲ ಎಲ್ಲರಿಗಿಂತ ಮುಂದೆ ಬಂದವನು ಎರಡನೇ ಸಲ ಎಲ್ಲರಿಗಿಂತ ಹಿಂದೆ ಬಂದ. ಮರುದಿನ ಅವನ ತಂದೆ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕುಳಿತು ನ್ಯಾಯ ಕೇಳಿದರು. ಮಾವ ಎಲ್ಲವನ್ನೂ ಸಮಾಧಾನವಾಗಿ ಕೇಳಿ, "ಗುಂಡಿ ಭಾರಿ ಮೆದು ಉಂಟು. ಅದು ಕಂಪೆನಿಯವರ ತಪ್ಪು" ಎಂದು ತೀರ್ಪು ಕೊಟ್ಟರು. ಆ ಮನುಷ್ಯ ಮುಂದೆ ಎಷ್ಟೋ ಸಲ ದಾರಿಯಲ್ಲಿ ಸಿಕ್ಕಿ ಮಾವನನ್ನು ದುರುಗುಟ್ಟಿ ನೋಡಿದ್ದುಂಟು. ಪ್ರಯೋಜನವಾಗಲಿಲ್ಲ. ಅವರ ಕೈಯಲ್ಲಿ ವಾಚು ಇರಲಿಲ್ಲ.

ಇಷ್ಟೆಲ್ಲ ಮಾಡುವ ಮಾವನ ಕೈಯಲ್ಲಿಯೂ ವಾಚು ಇರಲಿಲ್ಲ ಎಂದರೆ ನೀವು ನಂಬಬೇಕು. ಕೊಳ್ಳುವ ಶಕ್ತಿ ಇತ್ತು. ಪೇಟೆಯ ವಾಚಿನ ಅಂಗಡಿಯಲ್ಲಿ ಅವರಿಗೆಂದೇ ಒಂದು ಸ್ಟೂಲು ಇತ್ತು. ತಟ್ಟೆ ತಟ್ಟೆಯಾಗಿ ಹೊರಗೆ ತೆಗೆಸಿ ನೋಡುವುದು, ಒಂದಕ್ಕೆ ಪಟ್ಟಿ ಸರಿಯಿಲ್ಲ, ಒಂದಕ್ಕೆ ಅಂಕೆ ದಪ್ಪ, ಒಂದು ವಾಟರ್‌ಪ್ರೂಫ್ ಹೌದು ಆದರೆ ನೋಡಲು ಕರಡಿಗೆಯ ಮುಚ್ಚಳದ ಹಾಗೆ ಉಂಟು, ಎಂದು ಎದ್ದು ಬರುವುದು.

"ನೋಡ್ತಾ ಇದ್ದೇನೆ. ಪೂರ್ತಿ ಸರಿ ಇರುವಂಥದ್ದು ಇನ್ನೂ ಬರಲಿಲ್ಲ" ಎನ್ನುವರು.

ಅತ್ತೆ ಒಳಗಿನಿಂದ, "ನನ್ನನ್ನು ಮಾತ್ರ ಒಂದೇ ಸಲ ನೋಡಿ ಕರ್ಕೊಂಡು ಬಂದದ್ದು" ಎನ್ನುವರು. ಇದು ದೂರೋ ಹೆಮ್ಮೆಯೋ ಎಂದು ನನಗೆ ಆಗ ತಿಳಿಯುತ್ತಿರಲಿಲ್ಲ.

ನನ್ನನ್ನು ನೋಡಲು ಸುಳ್ಯದಿಂದ ಒಬ್ಬ ಹುಡುಗ ಬಂದ. ಅಲ್ಲಿ ಒಂದು ಸೊಸೈಟಿಯಲ್ಲಿ ಗುಮಾಸ್ತ. ಜೊತೆಗೆ ಅವನ ಚಿಕ್ಕಪ್ಪ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಚಾವಡಿಯಲ್ಲಿ ಮಾತು ಸರಿಯಾಗಿಯೇ ಆರಂಭವಾಯಿತು. ಆಮೇಲೆ ಹುಡುಗ ಕಾಫಿಗೆ ಕೈ ಚಾಚಿದ. ಚಿನ್ನದ ಅಂಚಿನ, ತೆಳ್ಳಗಿನ, ಬಹಳ ಬೆಲೆಯ ವಾಚು. ಮಾವ ಲೋಟವನ್ನು ಅವನ ಕೈಯಿಂದ ತೆಗೆದು ಕೆಳಗಿಟ್ಟು, ಮಣಿಕಟ್ಟನ್ನು ಹಿಡಿದು, ಅವನನ್ನು ಕಿಟಕಿಯ ಬೆಳಕಿಗೆ ಕರೆದುಕೊಂಡು ಹೋದರು. ಅತ್ತೆ ಹಣೆಗೆ ಕೈ ಹಚ್ಚಿಕೊಂಡರು.

"ಇದು ನಿಮ್ಮದಲ್ಲ" ಎಂದರು ಮಾವ.

ಚಿಕ್ಕಪ್ಪನವರಿಗೆ ಸಿಟ್ಟು ಬಂತು. "ಎಂತ ಮಾತು ಇದು? ನಾವು ಹುಡುಗಿ ನೋಡ್ಲಿಕ್ಕೆ ಬಂದದ್ದಾ, ಪೊಲೀಸ್ ಠಾಣೆಗೆ ಬಂದದ್ದಾ?"

"ಸಿಟ್ಟು ಬೇಡ. ಈ ವಾಚು ಸುಬ್ರಹ್ಮಣ್ಯದಲ್ಲಿ ಒಬ್ಬರು ಲಾಡ್ಜಿನವರ ಕೈಯಲ್ಲಿತ್ತು. ಷಷ್ಠಿಗೆ ಹೋದಾಗ ನಾನು ನೋಡಿದ್ದೇನೆ. ಗಾಜಿನ ಮೇಲೆ ಹನ್ನೆರಡರ ಹತ್ತಿರ ಗೀರು ಉಂಟು. ಅವರ ಮುಖ ಕೇಳಿದರೆ ನನಗೆ ಗೊತ್ತಿಲ್ಲ."

ಈ ಸಂಬಂಧ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಬಾಗಿಲ ಸಂದಿಯಲ್ಲಿ ಕಂಡಷ್ಟರಲ್ಲಿ ಹುಡುಗ ನನಗೆ ಒಪ್ಪಿಗೆಯಾಗಿದ್ದ. ಅದು ಯಾರಿಗೂ ತಿಳಿಯದೇ ಹೋಗುತ್ತದಲ್ಲ ಎಂದು ಅನಿಸಿತು.

"ಹೌದು, ನನ್ನದಲ್ಲ" ಎಂದ ಹುಡುಗ. "ಅವರು ನನ್ನ ಅಕ್ಕನ ಗಂಡ. ಇವರೆಲ್ಲ ಹೇಳಿದರು ಅಂತ ಕಟ್ಟಿಕೊಂಡು ಬಂದೆ. ನನ್ನದು ಇಲ್ಲಿ ಉಂಟು."

ಕಿಸೆಯಿಂದ ತೆಗೆದ. ಗಾಜು ಮಸುಕಾದ, ಒಂದು ಬದಿಯ ಪಟ್ಟಿ ಹರಿದು ದಾರದಲ್ಲಿ ಹೊಲಿದ ಸಾದಾ ವಾಚು. ಚಿಕ್ಕಪ್ಪನವರು ಬೇರೆ ಕಡೆಗೆ ನೋಡಿದರು. ಮಾವ ಚೊಂಬು ತರಿಸಿದರು. ಕವುಚಿಟ್ಟು, ವಾಚಿಟ್ಟು, ಕಿವಿ ಕೊಟ್ಟರು. ಅಷ್ಟು ಹೊತ್ತು ಅವರು ಯಾವ ವಾಚನ್ನೂ ಕೇಳಿದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಒಳಗೆ ಬಂದರು. "ಅಂದದಲ್ಲಿ ಸಾಧಾರಣ. ಬಾಳಿಕೆ ಬರ್ತದೆ. ಬೆಲೆ ನೀನೇ ನೋಡಿಕೋ ಮಗಾ."

"ಮಾವ, ನೀವು ವಾಚಿನ ವಿಷಯ ಹೇಳುದಾ, ಹುಡುಗನ ವಿಷಯ ಹೇಳುದಾ?"

"ಹುಡುಗನಿಗೆ ಎಂತ ಆಗಿದೆ? ನಾವು ಕೇಳುವ ಮೊದಲೇ ಅವನೇ ಕಿಸೆಯಿಂದ ತೆಗೆದು ತೋರಿಸಿದನಲ್ಲ."

"ಮುಖ ಹೇಗುಂಟು?" ಎಂದು ಅತ್ತೆ ಪರೀಕ್ಷೆ ಮಾಡಿದರು.

"ಮುಖವಾ?" ಮಾವ ಸ್ವಲ್ಪ ನೆನಪು ಮಾಡಿಕೊಂಡು, "ಉಂಟು" ಎಂದರು.

ಮದುವೆ ಕಾಣಿಯೂರಿನಲ್ಲಿ ಆಯಿತು. ನನ್ನ ತಂದೆ ಅಳಿಯನಿಗೆ ಮಂಗಳೂರಿನಿಂದ ಒಂದು ವಾಟರ್‌ಪ್ರೂಫ್ ವಾಚು ತರಿಸಿ ಕಟ್ಟಿದರು. ನೀರಿಗೆ ಹೆದರದ ವಾಚು ಎಂದು ಯಾರೋ ಹೊಗಳಿದ್ದು ಮಾವನ ಕಿವಿಗೆ ಬಿತ್ತು. ಬಾಯಿಮಾತಿಗೆ ಸರ್ಟಿಫಿಕೇಟು ಕೊಡುವ ಪೈಕಿಯಲ್ಲ ಅವರು. ಮದುಮಗನಿಂದ ಅದನ್ನು ಬಿಚ್ಚಿಸಿಕೊಂಡು ಹತ್ತಿರದಲ್ಲಿದ್ದ ಪಾತ್ರೆಗೆ ಇಳಿಸಿದರು. ಅದು ನೀರಿನದ್ದಲ್ಲ, ಬೆಲ್ಲದ ಪಾನಕದ ಪಾತ್ರೆ. ವಾಚು ನಿಲ್ಲಲಿಲ್ಲ, ಅದನ್ನು ಒಪ್ಪಬೇಕು. ಆದರೆ ಊಟಕ್ಕೆ ಕುಳಿತಾಗ ನನ್ನ ಗಂಡನ ಎಡಗೈ ಹುಡುಕಿಕೊಂಡು ಇರುವೆಗಳು ಸಾಲಾಗಿ ಬಂದವು. ಹೊಸ ಅಳಿಯ, ಮರ್ಯಾದೆಗೆ ಮಾತಾಡದೆ ಪಾಯಸದವರೆಗೂ ಸಹಿಸಿಕೊಂಡರು.

"ನೀರಿಗೆ ತೊಂದರೆ ಇಲ್ಲ" ಎಂದರು ಮಾವ. "ಇರುವೆಗೆ ಕಂಪೆನಿಯವರು ಎಂತದ್ದೂ ಹೇಳಿರಲಿಲ್ಲ."

ನಾನು ಸುಳ್ಯಕ್ಕೆ ಬಂದು ಸಂಸಾರ ಹೂಡಿದೆ. ಕೆಲವು ಕಾಲದ ಮೇಲೆ ಪುತ್ತೂರಿನಲ್ಲಿ ಅತ್ತೆಗೆ ಹುಷಾರಿಲ್ಲ ಎಂದು ಗೊತ್ತಾಯಿತು. ಬಸ್ಸು ಹಿಡಿದು ಹೋದರೆ ಅತ್ತೆ ದಿಂಬಿಗೆ ಒರಗಿ ಕುಳಿತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಕಾಲು ಬಾತಿತ್ತು. ಹೃದಯದ ತೊಂದರೆ ಎಂದು ಡಾಕ್ಟರು ಒಂದು ಮಾತ್ರೆ ಕೊಟ್ಟು ಮಾವನಿಗೆ ಹೇಳಿದರು: "ಪ್ರತಿ ಸಲ ಮಾತ್ರೆ ಕೊಡುವ ಮೊದಲು ನಾಡಿ ಎಣಿಸಬೇಕು. ಒಂದು ನಿಮಿಷ ಪೂರ್ತಿ. ಅರುವತ್ತಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಕೊಡಬೇಡಿ, ನನಗೆ ಹೇಳಿ ಕಳಿಸಿ. ಮನೆಯಲ್ಲಿ ವಾಚು ಉಂಟಲ್ಲ?"

ಮಾವ ನನ್ನನ್ನು ಕರೆದುಕೊಂಡು ನೇರ ವಾಚಿನ ಅಂಗಡಿಗೆ ಹೋದರು. ಅಂಗಡಿಯವರು ಅಭ್ಯಾಸಬಲದಿಂದ ಸ್ಟೂಲು ಎಳೆದಿಟ್ಟು, "ಹೊಸದು ಬಂದಿದೆ, ಆಟೋಮ್ಯಾಟಿಕ್, ಕೀ ಕೊಡುವ ಕೆಲಸವೇ ಇಲ್ಲ" ಎಂದು ತಟ್ಟೆ ತೆಗೆದರು. ಮಾವ ಕುಳಿತುಕೊಳ್ಳಲಿಲ್ಲ.

"ಸೆಕೆಂಡಿನ ಮುಳ್ಳು ಇರುವ ಒಂದು ಕೊಡಿ."

"ಯಾವ ಬಗೆಯದ್ದು?"

"ಯಾವುದಾದರೂ ಆಗ್ತದೆ. ಬೇಗ ಕೊಡಿ."

ಅಂಗಡಿಯವರು ನನ್ನ ಮುಖ ನೋಡಿದರು. ಕೈಗೆ ಸಿಕ್ಕಿದ ಒಂದನ್ನು ಕೊಟ್ಟರು. ಹಸಿರು ಮುಖ, ಕೆಂಪು ಪಟ್ಟಿ, ಇಷ್ಟು ವರ್ಷ ಯಾರೂ ಕೊಳ್ಳದೆ ಉಳಿದದ್ದಿರಬೇಕು. ಮಾವ ಅದನ್ನು ಕಿವಿಗೂ ಹಿಡಿಯದೆ ಜೇಬಿಗೆ ಹಾಕಿಕೊಂಡು ದುಡ್ಡು ಕೊಟ್ಟು ಹೊರಟರು. ಬರುವಾಗ ದಾರಿಯಲ್ಲಿ ಯಾರ ಕೈಯನ್ನೂ ನೋಡಲಿಲ್ಲ.

ದಿನಾ ಬೆಳಿಗ್ಗೆ ಮಂಚದ ಹತ್ತಿರ ಸ್ಟೂಲು ಹಾಕಿಕೊಂಡು, ಅತ್ತೆಯ ಮಣಿಕಟ್ಟನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ವಾಚು ನೋಡುತ್ತ ಎಣಿಸುವರು. ಅತ್ತೆಗೆ ಆಗಲೇ ಮಾತು ನೆನಪಾಗುವುದು.

"ಹಾಲಿನವನಿಗೆ ಹೇಳಿದಿರಾ?"

"ಮಾತಾಡಬೇಡ. ತಪ್ಪಿ ಹೋಯ್ತು." ಮತ್ತೆ ಮೊದಲಿನಿಂದ.

ನಾನು ಹೊರಡುವ ದಿನ ಅತ್ತೆ ನನ್ನನ್ನು ಹತ್ತಿರ ಕರೆದು, ಸಣ್ಣ ಸ್ವರದಲ್ಲಿ, "ನನ್ನ ಕೈ ಧಾರೆಯ ದಿವಸ ಹಿಡಿದದ್ದು. ಆಮೇಲೆ ಹಿಡಿಯುದು ಇದೇ" ಎಂದರು. ನಕ್ಕರು. ನಾನೂ ನಗಲು ನೋಡಿದೆ.

ಅತ್ತೆ ಚೇತರಿಸಿಕೊಂಡರು. ಮತ್ತೊಮ್ಮೆ ನಾನು ಹೋಗುವಾಗ ಅಡುಗೆಮನೆಯಲ್ಲಿ ಓಡಾಡುತ್ತಿದ್ದರು. ಆ ಮಾತ್ರೆ ಇನ್ನು ಬೇಡ, ಎಣಿಸುವುದೂ ಬೇಡ ಎಂದು ಡಾಕ್ಟರು ಹಿಂದಿನ ದಿನವೇ ಹೇಳಿದ್ದರಂತೆ. ಆದರೂ ಬೆಳಿಗ್ಗೆ ಕಾಫಿ ಆದ ಮೇಲೆ ಮಾವ ಸ್ಟೂಲು ಎಳೆದುಕೊಂಡು ಬಂದು ಕುಳಿತರು.

"ಬೇಡ ಅಂತ ಡಾಕ್ಟ್ರು ಹೇಳಿದ್ದಲ್ವಾ?" ಎಂದರು ಅತ್ತೆ.

"ಹೇಳಿದ್ದು ಹೌದು" ಎಂದು ಮಾವ ಕೈ ಚಾಚಿದರು.

ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವರ ಕೈಗೆ ಕೊಟ್ಟರು. ಮಾವ ವಾಚನ್ನೇ ನೋಡುತ್ತ, ತುಟಿ ಅಲುಗಿಸುತ್ತ ಎಣಿಸತೊಡಗಿದರು. ನಾನು ಬಗ್ಗಿ ನೋಡಿದೆ. ಸೆಕೆಂಡಿನ ಮುಳ್ಳು ಅಲುಗುತ್ತಿರಲಿಲ್ಲ. ಕೀ ಕೊಡಲು ಮರೆತುಹೋಗಿತ್ತು, ವಾಚು ಯಾವಾಗಲೋ ನಿಂತಿತ್ತು. ಹೇಳಲು ಬಾಯಿ ತೆರೆದೆ. ಅತ್ತೆ ನನ್ನ ಕಡೆ ನೋಡಿ, ಸುಮ್ಮನಿರು ಎಂದು ಕಣ್ಣಿನಲ್ಲಿಯೇ ಹೇಳಿದರು.

ಮಾವ ಎಣಿಸುತ್ತಲೇ ಇದ್ದರು.