ರೈಲ್ವೆ ಅಳಿಯನೂ ಗಂಧಕದ ಗಾಡಿಯೂ

...ಅಥವಾ ಆ ಹಾರ್ನ್ ರೈಲಿನದು ಅಲ್ಲವೇ ಅಲ್ಲವೇನೋ. ನನ್ನ ನೆನಪನ್ನು ನಂಬುವುದಕ್ಕಿಂತ ಅಬುಧಾಬಿಯಲ್ಲಿ ಪಾರ್ಕಿಂಗ್ ಸಿಗುತ್ತದೆಂದು ನಂಬಬಹುದು. ಆದರೆ ಅತ್ತೆಯ ಮುಂದೆ ನನ್ನ ಮಾನ ಉಳಿದದ್ದು ಆ ಹಾರ್ನಿನಿಂದಲೇ.

ಹೆಣ್ಣು ನೋಡಲು ಹುಬ್ಬಳ್ಳಿಗೆ ಹೋದಾಗ ‘ಅಬುಧಾಬಿಯಲ್ಲಿ ರೈಲ್ವೆಯಲ್ಲಿದ್ದೇನೆ’ ಎಂದಿದ್ದೆ. ಪೂರ್ತಿ ಸುಳ್ಳಲ್ಲ. ಹಳಿಗೆ ಬೇಕಾದ ಬೋಲ್ಟು ತರಿಸಿಕೊಡುವ ಕಂಪನಿಯ ಪರವಾಗಿ ಅಲ್ಲಿನ ಅಲ್ ರೀಮ್ ಐಲ್ಯಾಂಡಿನ ಎಸಿ ಆಫೀಸಿನಲ್ಲಿ ಕೂತಿರುತ್ತಿದ್ದೆ. ಹಳಿಯನ್ನು ಮಾತ್ರ ಕಂಡಿರಲಿಲ್ಲ. ಹುಬ್ಬಳ್ಳಿಯಲ್ಲಿ ರೈಲ್ವೆ ಅಳಿಯ ಎಂದರೆ ಮನೆಮಂದಿಗೆಲ್ಲ ಪುಕ್ಕಟೆ ಪಾಸು ಎಂದೇ ಅರ್ಥ. ಮದುವೆಯಾದ ಮೇಲೆ ವಿಸಿಟ್ ವೀಸಾದಲ್ಲಿ ಬಂದ ಅತ್ತೆ ಒಂದು ಶುಕ್ರವಾರ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತರು.

“ಪಾಸ್ ತಗೊಂಡ್ರೇನ್ರಿ ಅಳಿಯಂದ್ರ?”

“ಅದು ಗೂಡ್ಸ್ ಗಾಡಿರಿ ಅತ್ತಿ. ಬರೇ ಗಂಧಕ ಒಯ್ತೈತಿ.”

“ಇರ್ಲಿ ತಗೋರಿ, ಗಾರ್ಡಿನ ಡಬ್ಬ್ಯಾಗ ಕುಂದ್ರತೀನಿ.”

ಹೆಂಡತಿ ನಕ್ಕಳು. ಗಾಡಿಯನ್ನು ದೂರದಿಂದಾದರೂ ತೋರಿಸೋಣವೆಂದು ನಾನು ಕಾರು ತೆಗೆದೆ. ರುವೈಸ್ ದಾರಿಯುದ್ದಕ್ಕೂ ಚರಿತ್ರೆ ಹೇಳಿದೆ: ಶಾಹ್, ಹಬ್ಶಾನ್‌ಗಳಲ್ಲಿ ನೆಲದಿಂದ ಬರುವ ಅನಿಲವನ್ನು ಶುದ್ಧ ಮಾಡಿದರೆ ಗಂಧಕ ಉಳಿಯುತ್ತದೆ, ಮೊದಲು ಲಾರಿಗಳು ಹೊರುತ್ತಿದ್ದವು, ಈಗ ಮರಳಿನ ಮೇಲೆ ಹಳಿ ಹಾಕಿ ರುವೈಸ್ ಬಂದರಿಗೆ ಮುಟ್ಟಿಸುತ್ತಾರೆ, ಗಾಳಿ ಹಳಿಯನ್ನು ಮುಚ್ಚುತ್ತದೆ, ಇವರು ಬಿಡಿಸುತ್ತಾರೆ. ಎಲ್ಲ ಆಫೀಸಿನ ಗೋಡೆಯ ನಕಾಶೆ ನೋಡಿ ಕಲಿತದ್ದು. ಅತ್ತೆ ಆಕಳಿಸಿದರು.

“ಡ್ರೈವರ್ ಅರ ಇರ್ತಾನಿಲ್ಲೋ?”

“ಇರ್ತಾನ್ರಿ.”

“ನಿಮ್ಮನ್ನ ಗುರ್ತು ಹಿಡೀತಾನ?”

“ಹಿಡೀದ ಇರ್ತಾನೇನ್ರಿ!” ಅಂದುಬಿಟ್ಟೆ. ಹಿಂದಿನ ಸೀಟಿನಲ್ಲಿ ಹೆಂಡತಿ ಕೆಮ್ಮಿದಳು.

ಹಳಿಯ ಬೇಲಿಯ ಪಕ್ಕದ ಕಿರುದಾರಿಯಲ್ಲಿ ಕಾರು ನಿಲ್ಲಿಸಿ, ಬಿಸಿಲಲ್ಲಿ ನಿಂತೇ ರೊಟ್ಟಿ ತಿಂದೆವು. ಗಾಡಿ ಬಂತು. ಒಂದೇ ಥರದ ಡಬ್ಬಿಗಳು, ಒಂದಕ್ಕೂ ಕಿಟಕಿಯಿಲ್ಲ. ಎಂಜಿನ್ ನಮ್ಮೆದುರು ದಾಟುವಾಗ ಉದ್ದನೆಯ ಹಾರ್ನ್ ಕೇಳಿತು. ನಾನು ಚಟ್ನಿಯ ಕೈಯನ್ನೇ ಎತ್ತಿ ಸಲಾಂ ಹೊಡೆದೆ. ಅತ್ತೆ ಸೆರಗು ಸರಿಮಾಡಿಕೊಂಡು, “ನೋಡವಾ, ಗುರ್ತು ಹಿಡದ!” ಎಂದರು.

ಆ ರೈಲು ನನಗಾಗಿ ಅರ್ಧ ನಿಮಿಷ ನಿಂತಿತ್ತೆಂದೂ ಈಗ ಅತ್ತೆಯ ಹುಬ್ಬಳ್ಳಿಯ ಓಣಿಯಲ್ಲಿ ಸುದ್ದಿಯಿದೆ. ನಾನು ತಿದ್ದಲು ಹೋಗಿಲ್ಲ. ಹೆಂಡತಿ ಹೇಳುವುದೇ ಬೇರೆ: “ನಮ್ಮ ಕಾರು ದಾರಿಗೆ ಅಡ್ಡ ಇತ್ತು. ಹಿಂದಿನ ಲಾರಿಯವ ಹಾರ್ನ್ ಹೊಡದು ‘ಯಲ್ಲಾ, ಯಲ್ಲಾ’, ಲಗೂ ಕಾರ್ ತಗೀರಿ ಅಂತ ಒದರ್ತಿದ್ದ. ನೀವು ರೈಲಿಗೆ ಸಲಾಂ ಹೊಡೀತಿದ್ರಿ.”

ಲಾರಿ ಇದ್ದದ್ದು ನನಗೆ ನೆನಪಿಲ್ಲ. ಸಲಾಂ ಹೊಡೆದದ್ದು ನೆನಪಿದೆ. ಹಾರ್ನ್ ಯಾರದ್ದೋ ಗೊತ್ತಿಲ್ಲ.