ತಾಮ್ರದ ತಂತಿಗೆ ಹುಣಸೆಹುಳಿ

ತಾಮ್ರ ಮಸುಕಾಗಿದ್ದರೆ ನನಗೆ ಊಟ ಸೇರುವುದಿಲ್ಲ. ಇದು ಗುಣವೋ ರೋಗವೋ ನನಗೇ ಗೊತ್ತಿಲ್ಲ. (ನನ್ನ ಹೆಂಡತಿ ಪಾರ್ವತೆಮ್ಮ ರೋಗ ಎನ್ನುತ್ತಾಳೆ.) ಮಸ್ಕಿಯ ಬಜಾರಿನಲ್ಲಿ ಮೂವತ್ತು ವರ್ಷದಿಂದ ತಾಮ್ರ, ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟುಕೊಂಡಿರುವ ಅಮರಗುಂಡಪ್ಪ ಎಂದರೆ ನಾನೇ. ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಬೀಳುವುದು ಅವರ ನೀರಿನ ಕೊಡದ ಮೇಲೆ. ಕೊಡ ಕಪ್ಪಾಗಿತ್ತೋ, ಅವರು ಕೊಟ್ಟ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. "ಯಾಕವ್ವ, ಮನ್ಯಾಗ ಹುಣಸಿಹಣ್ಣು ತೀರಿತೇನು?" ಎಂದು ಕೇಳಿಯೇ ಬಿಡುತ್ತೇನೆ. ಹೀಗೆ ಕೇಳಿ ಕೇಳಿ, ನನ್ನನ್ನು ಚಹಾಕ್ಕೆ ಕರೆಯುವ ಮನೆಗಳು ಈಗ ಎರಡೋ ಮೂರೋ ಉಳಿದಿವೆ.

ಇನ್ನು ನನ್ನ ಸಿಟ್ಟು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಿದರೆ ಸಿಟ್ಟು ಬರುತ್ತದೆ.

ಇದು ಹೋದ ವರ್ಷದ, ಅಂದರೆ ಐವತ್ತೈದನೇ ಇಸವಿಯ ಮಾತು. ನನ್ನ ಒಬ್ಬಳೇ ಮಗಳು ಶೇಖರಮ್ಮ ಆಗ ಏಳನೇ ತರಗತಿ ಮುಗಿಸುತ್ತಿದ್ದಳು. ಮುಂದೆ ಓದಬೇಕೆಂದರೆ ಲಿಂಗಸುಗೂರಿಗೆ ಹೋಗಬೇಕು. ಅಲ್ಲಿ ಪಾರ್ವತೆಮ್ಮನ ಅಕ್ಕ ಕಸ್ತೂರೆಮ್ಮ ಇದ್ದಾಳೆ, ಮನೆ ಇದೆ, ಮನೆಯಲ್ಲಿ ಜಾಗವೂ ಇದೆ. ಇಲ್ಲದಿದ್ದದ್ದು ನನ್ನ ಒಪ್ಪಿಗೆ ಒಂದೇ. "ಹೆಣ್ಣುಡುಗಿ ಏಳನೇ ಕ್ಲಾಸ್ ಓದಿದ್ದು ಸಾಕು" ಎಂದು ನಾನು ಊರೆಲ್ಲ ಸಾರಿದ್ದೆ. ಒಳಗಿನ ಕಾರಣ ಬೇರೆ ಇತ್ತು, ನಿಮಗೆ ಮಾತ್ರ ಹೇಳುತ್ತೇನೆ. ನಾನು ಒಂದು ಮಾತಾಡಿ, ಪಾರ್ವತೆಮ್ಮ ಎರಡು ಮಾತಾಡಿ, ಇಬ್ಬರೂ ಕಾಯ್ದ ಹಂಚಿನಂತಾದಾಗ ನಡುವೆ ಬಂದು ನಿಲ್ಲುತ್ತಿದ್ದವಳು ಆ ಹುಡುಗಿ. ಅವಳು ಲಿಂಗಸುಗೂರಿಗೆ ಹೋದರೆ ಮನೆಯಲ್ಲಿ ಉಳಿಯುವವರು ನಾವಿಬ್ಬರೇ. ಎಂಥ ಗಂಡಸಿಗೂ ಹೆದರಿಕೆಯಾಗುವ ಸಂಗತಿ ಅಲ್ಲವೇ ಇದು?

ಹೀಗಿರಲು ಶಾಲೆಯ ಜಿಲಾನಿಸಾಬ್ ಮಾಸ್ತರು ವಿಜ್ಞಾನದ ಪ್ರದರ್ಶನ ಇಟ್ಟರು. ಊರವರೆಲ್ಲ ಬಂದು ನೋಡಬೇಕಂತೆ. ನಮ್ಮ ಶೇಖರಮ್ಮನ ಪಾಲಿಗೆ ಬಂದದ್ದು ಕರೆಂಟು. ಮಸ್ಕಿಗೆ ಇನ್ನೂ ಒಂದು ಲೈಟು ಕಂಬವೂ ಬಂದಿರಲಿಲ್ಲ, ನಮ್ಮ ಪಡಸಾಲೆಗೆ ಮಾತ್ರ ಕರೆಂಟು ಬಂದು ಕೂತಿತು.

ಒಂದು ಸಂಜೆ ನಾನು ಅಂಗಡಿಯಿಂದ ಬಂದಾಗ ಅವಳು ನೆಲದ ಮೇಲೆ ಬ್ಯಾಟರಿಯ ಎರಡು ಸೆಲ್ಲು, ಗೇಣುದ್ದದ ಒಂದು ದಪ್ಪ ಮೊಳೆ, ಮಾಸ್ತರು ಕೊಟ್ಟ ದಿಕ್ಕು ತೋರಿಸುವ ಡಬ್ಬಿ, ಒಂದು ಸುರುಳಿ ತಂತಿ ಹರವಿಕೊಂಡು ಕೂತಿದ್ದಳು. ತಂತಿ ಸಿಂಧನೂರಿನ ಮೋಟಾರು ಮೆಕ್ಯಾನಿಕ್ ದಾವಲ್‌ಸಾಬ್ ಹಳೆಯ ಡೈನಮೋದಿಂದ ಬಿಚ್ಚಿ ಕೊಟ್ಟದ್ದು. ಅದರ ಮೈತುಂಬ ಕಂದುಬಣ್ಣದ ನೂಲು ಸುತ್ತಿ, ಅದರ ಮೇಲೆ ಎಂಥದೋ ಜಿಡ್ಡು ಬಳಿದಿದ್ದರು.

"ಇದೇನಬೇ ಇದು, ಹೆಗ್ಗಣದ ಬಾಲ ಇದ್ದಂಗೈತಿ?" ಎಂದೆ.

"ತಾಮ್ರದ ತಂತಿ, ಯಪ್ಪಾ."

"ತಾಮ್ರ?!" ನನಗೆ ಅಲ್ಲೇ ಒಂದು ಸಂಕಟ ಶುರುವಾಯಿತು.

"ಇಲ್ಲಿ ನೋಡು. ಸೆಲ್ಲಿನ ಈ ತುದಿಯಿಂದ ಹೊರಟ ಕರೆಂಟು ತಂತ್ಯಾಗ ಹಾದು ತಿರುಗಿ ಆ ತುದಿಗೆ ಬರಬೇಕು. ನಡುವ ಎಲ್ಲಿ ಕಡಿದ್ರೂ ನಿಂತುಬಿಡ್ತೈತಿ."

"ತಿರುಗಿ ಯಾಕ ಬರಬೇಕು? ಡ್ಯಾಮಿನ ನೀರು ಕಾಲುವಿ ಹಿಡಿದು ದಢೇಸುಗೂರಿನ ಗದ್ದಿಗೆ ಹೋತು ಅಂದ್ರ ತಿರುಗಿ ಡ್ಯಾಮಿಗೆ ಬರತೈತೇನು? ಹೋದದ್ದು ಹೋತು!"

"ಇದು ಕಾಲುವಿ ಅಲ್ಲ ಯಪ್ಪಾ."

"ಮತ್ತೇನು ಗಾಣ ಏನು, ಸುತ್ತಿದಲ್ಲೇ ಸುತ್ತಾಕ?"

"ಹಾಂ! ಗಾಣ! ಬರೋಬ್ಬರಿ ಹೇಳಿದಿ!" ಎಂದು ಅವಳು ಚಪ್ಪಾಳೆ ತಟ್ಟಿದಳು. ಬೈಯಲು ಹೋದವನು ಶಭಾಸ್ ಅನಿಸಿಕೊಂಡದ್ದು ನನ್ನ ಜೀವನದಲ್ಲಿ ಅದೇ ಮೊದಲು. ಆಮೇಲೆ ಅವಳು ತಂತಿಯನ್ನು ಆ ಡಬ್ಬಿಯ ಮೇಲೆ ಹಿಡಿದು ಎರಡು ತುದಿ ಸೆಲ್ಲಿಗೆ ಮುಟ್ಟಿಸಿದಳು. ಒಳಗಿನ ಸೂಜಿ ಗರಕ್ಕನೆ ತಿರುಗಿತು. ತಂತಿ ಸೂಜಿಯನ್ನು ಮುಟ್ಟಿಲ್ಲ, ಗಾಳಿ ಬೀಸಿಲ್ಲ, ಯಾರೂ ಮಂತ್ರ ಹೇಳಿಲ್ಲ. ಮುಟ್ಟದೆ ತಿರುಗಿಸುವುದು ಹೇಗೆ ಎಂದು ನಾನು ಬಾಯಿ ತೆರೆದು ಕೂತಿರುವಾಗ ಒಳಗಿನಿಂದ ಪಾರ್ವತೆಮ್ಮ ಒಮ್ಮೆ ಕೆಮ್ಮಿದಳು. ನಾನು ಗರಕ್ಕನೆ ಅತ್ತ ತಿರುಗಿದೆ. ಸ್ವಲ್ಪ ಸ್ವಲ್ಪ ಅರ್ಥವಾದಂತಾಯಿತು.

"ಇದ ತಂತಿ ಮೊಳಿಗೆ ಸುತ್ತಿ ಕರೆಂಟು ಬಿಟ್ರ ಮೊಳಿ ಅಯಸ್ಕಾಂತ ಆಗ್ತೈತಿ. ಕಬ್ಬಿಣ ಎತ್ತತೈತಿ. ಕರೆಂಟು ನಿಂತ್ರ ಬಿಟ್ಟುಬಿಡ್ತೈತಿ" ಎಂದಳು ಮಗಳು.

"ಹಿತ್ತಾಳಿ?"

"ಹಿತ್ತಾಳಿ ಎತ್ತಂಗಿಲ್ಲ. ತಾಮ್ರಾನೂ ಎತ್ತಂಗಿಲ್ಲ."

ತುಕ್ಕು ಹಿಡಿಯುವ ಕಬ್ಬಿಣಕ್ಕೆ ಮರ್ಯಾದೆ, ನನ್ನ ಹಿತ್ತಾಳೆಗೆ ಇಲ್ಲ! ಸಿಟ್ಟು ನೆತ್ತಿಗೆ ಏರಿತು. ಅದೇ ಸಿಟ್ಟಿನಲ್ಲಿ ಹಂಪಣ್ಣನ ಚಹಾದ ಹೋಟೆಲಿಗೆ ಹೋದೆ. ಅಲ್ಲಿ ಜಿಲಾನಿಸಾಬ್ ಮಾಸ್ತರು ಕೂತಿದ್ದರು.

"ಮಾಸ್ತರ, ಖರೇ ಹೇಳ್ರಿ. ನಿಮ್ಮ ಕರೆಂಟಿನ ಮೊಳಿಗೆ ಹಿತ್ತಾಳಿ ಏಳಾಂಗಿಲ್ಲೇನು?"

"ಖಯಾಮತ್ ಬಂದು ಲೋಕ ಮುಳುಗಿದ್ರೂ ಏಳಾಂಗಿಲ್ರಿ, ಸಾವ್ಕಾರ್ರ."

ಆಗ ನನ್ನ ತಲೆಯಲ್ಲಿ ಒಂದು ದಿವ್ಯ ಉಪಾಯ ಹೊಳೆಯಿತು. ಮಗಳ ಓದಿನ ತಂಟೆ ಒಂದೇ ಏಟಿಗೆ ಮುಗಿಯಬೇಕು, ನನ್ನ ಮೇಲೆ ಅಪವಾದವೂ ಬರಬಾರದು. ಹಂಪಣ್ಣನ ಕೈಯಲ್ಲಿದ್ದ ಚಮಚ ಕಿತ್ತುಕೊಂಡೆ. ಅದು ನನ್ನ ಅಂಗಡಿಯದೇ. ಹಿಂದಿನ ಬೇಸಿಗೆಯಲ್ಲಿ ಯಾವನೋ ತಿರುಗಾಡಿ ವ್ಯಾಪಾರಿ ಚೀಲಗಟ್ಟಲೆ ತಂದು ಹಾಕಿದ್ದ ಚಮಚ, ಸವುಟು, ದೀಪದ ಸರಪಳಿಗಳಲ್ಲಿ ಅದೂ ಒಂದು. ಎಂಥ ಹೊಳಪು! ಅಸಲಿ ಹಿತ್ತಾಳೆ ಎಂದು ನಾನು ಆಣೆ ಮಾಡಿ ಮಾಡಿ ಅರ್ಧ ಮಸ್ಕಿಗೆ ಮಾರಿದ್ದೆ, ಪಾಮನಕಲ್ಲೂರಿನ ಒಂದು ಮದುವೆಗೂ ಕೊಟ್ಟಿದ್ದೆ.

"ಎಲ್ರೂ ಕೇಳ್ರಿ!" ಎಂದು ಚಮಚ ಎತ್ತಿ ಹಿಡಿದೆ. "ನನ್ನ ಮಗಳ ಮೊಳಿ ಈ ಚಮಚ ಎತ್ತಿದ್ರ, ಅವತ್ತ ಅಕಿನ್ನ ಲಿಂಗಸುಗೂರಿಗೆ ಓದಾಕ ಕಳಿಸ್ತೀನಿ. ಎತ್ತಲಿಲ್ಲ ಅಂದ್ರ ಓದು ಬಂದ್!"

ಮಾಸ್ತರ ಮುಖ ಸಣ್ಣದಾಯಿತು. ನಾನು ಮೀಸೆಗೆ ಅಂಟಿದ ಚಹಾ ಒರೆಸಿಕೊಂಡು ಮನೆಗೆ ಬಂದೆ. ಸುದ್ದಿ ನನಗಿಂತ ಮೊದಲೇ ಬಂದಿತ್ತು.

"ಹೆತ್ತ ಮಗಳಿಗೆ ಆಗಲಾರದ ಪಣ ಹಾಕೀರಲ್ರೀ! ನಿಮ್ದು ಎದೀನೋ, ನಿಮ್ಮ ಅಂಗಡ್ಯಾಗಿನ ಹಂಡೇವೋ?" ಎಂದಳು ಪಾರ್ವತೆಮ್ಮ.

"ಲೇ, ಹಂಡೇಕ್ಕ ಬಯ್ಯಬ್ಯಾಡ!"

ಎಂದಿನಂತೆ ನಡುವೆ ಬಂದು ನಿಲ್ಲುವವಳು ಅವತ್ತು ಬರಲಿಲ್ಲ. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ರೊಟ್ಟಿ ತಿನ್ನಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಸುಮ್ಮನೆ ಕೂತವರಿಗೆ ಏನು ಮಾಡುವುದು?

ಮರುದಿನ ಅವಳು ಶಾಲೆಗೆ ಹೋದ ಮೇಲೆ ಆ ತಂತಿಯ ಸುರುಳಿ ಕಣ್ಣಿಗೆ ಬಿತ್ತು. ಪಣದ ಮಾತು ಹಾಗಿರಲಿ, ನಾಳೆ ಊರ ಮುಂದೆ ಅಮರಗುಂಡಪ್ಪನ ಮಗಳು ಇಂಥ ಕೊಳಕು ತಾಮ್ರ ಹಿಡಿದು ನಿಲ್ಲುವುದೇ? ಅವಳೂ ಚಾಕುವಿನಿಂದ ಎರಡು ತುದಿ ಕೆರೆದು ಬೆಳಗಿಟ್ಟಿದ್ದಳು. ಪಾಪ, ಕೂಸು, ಕೈ ಸೋತು ಅಷ್ಟಕ್ಕೇ ಬಿಟ್ಟಿರಬೇಕು ಎಂದುಕೊಂಡೆ. ಅಪ್ಪ ಎಂದು ಒಬ್ಬ ಇರುವುದು ಯಾತಕ್ಕೆ?

ಅಂಗಡಿ ಬಾಗಿಲು ಹಾಕಿದೆ. ಕೂತು, ತುದಿಯಿಂದ ತುದಿಯವರೆಗೆ, ಹತ್ತು ಗಜ ತಂತಿಯ ಮೇಲಿನ ನೂಲನ್ನೆಲ್ಲ ಸುಲಿದೆ. ಜಿಡ್ಡನ್ನು ಕೆರೆದೆ. ಹುಣಸೆಹುಳಿ, ಉಪ್ಪು, ಒಂದು ಹಿಡಿ ಬೂದಿ ಹಚ್ಚಿ ತಿಕ್ಕಿದೆ. ಬೆರಳು ಕೆಂಪಾದವು, ಸೊಂಟ ಹಿಡಿಯಿತು, ಬಿಡಲಿಲ್ಲ. ಕೊನೆಗೆ ತಂತಿ ಹೊಸ ಮದುಮಗಳ ಹಾಗೆ ಹೊಳೆಯಿತು. ಅಷ್ಟಕ್ಕೇ ಬಿಡದೆ ಅದನ್ನು ಮೊಳೆಗೆ ನಾನೇ ಸುತ್ತಿದೆ, ಒಂದು ಸುತ್ತಿಗೆ ಇನ್ನೊಂದು ಸುತ್ತು ಒತ್ತಿ ಕೂರುವಂತೆ, ಸೂಜಿ ತೂರದಂತೆ. ಕೆಂಪು ಬಟ್ಟೆಯಲ್ಲಿ ಕಟ್ಟಿ, ಸಂಜೆ ಮಗಳ ಕೈಯಲ್ಲಿಟ್ಟು, "ನಾಳೆ ಎಲ್ರ ಮುಂದ ಬಿಚ್ಚು, ಈಗ ಬ್ಯಾಡ" ಎಂದೆ. ಅವಳು ನನ್ನ ಕೆಂಪು ಬೆರಳು ನೋಡಿ ಮೆಲ್ಲಗೆ ನಕ್ಕಳು. ನನಗೆ ಕಣ್ಣಲ್ಲಿ ನೀರು ಬಂತು. (ಹುಣಸೆಹುಳಿ ಸಿಡಿದಿತ್ತು ಎಂದು ಪಾರ್ವತೆಮ್ಮನಿಗೆ ಹೇಳಿದೆ.)

ಮರುದಿನ ನಾನು ಹೊಸ ರುಮಾಲು ಸುತ್ತಿಕೊಂಡು ಶಾಲೆಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಜರಿ ಅಂಚಿನ ರುಮಾಲು, ಒಂದೇ ಸಲ ಸುತ್ತಿದ್ದು. ಪಕ್ಕದಲ್ಲಿ ಹಂಪಣ್ಣ. ಪಾರ್ವತೆಮ್ಮ ಹೆಂಗಸರ ನಡುವೆ. ಶೇಖರಮ್ಮ ಕೆಂಪು ಬಟ್ಟೆ ಬಿಚ್ಚಿದಳು. ಮೊಳೆ ಥಳಥಳ ಹೊಳೆಯಿತು. ಜನ "ಓಹೋ" ಎಂದರು. ಮಗಳು ಮಾತ್ರ ಬಣ್ಣಗೆಟ್ಟಳು.

ಆದರೂ ತಂತಿಯ ತುದಿಗಳನ್ನು ಸೆಲ್ಲಿಗೆ ಮುಟ್ಟಿಸಿ ಮೊಳೆಯನ್ನು ಗುಂಡುಸೂಜಿಗಳ ಮೇಲೆ ಹಿಡಿದಳು. ಒಂದು ಸೂಜಿಯೂ ಏಳಲಿಲ್ಲ. ಸೆಲ್ಲು ಬಿಸಿಯಾಯಿತೆಂದು ಕೈ ಕೊಡವಿದಳು.

"ಬಿಸಿ ಆಗ್ಯಾದ ಅಂದ್ರ ಕೆಲಸ ಮಾಡಾಕತ್ತೈತಿ! ಹಿಡಿ, ಹಿಡಿ!" ಎಂದು ನಾನು ಕೂಗಿದೆ.

ಜಿಲಾನಿಸಾಬ್ ಮಾಸ್ತರು ಓಡಿಬಂದು ಮೊಳೆ ನೋಡಿದರು. "ಯಾ ಅಲ್ಲಾ! ಇದರ ನೂಲಿನ ಬಟ್ಟಿ ಎಲ್ಲಿ? ತಂತೀನ್ನ ಯಾರು ಬತ್ತಲಿ ಮಾಡ್ಯಾರ?"

"ನಾನು!" ಎಂದು ಎದೆ ಉಬ್ಬಿಸಿ ಎದ್ದು ನಿಂತೆ. "ಇಡೀ ದಿನ ಕೂತು ತಿಕ್ಕೀನ್ರಿ."

"ಸಾವ್ಕಾರ್ರ, ಬಟ್ಟಿ ಇದ್ರನ ಕರೆಂಟು ಸುತ್ತು ಸುತ್ತು ಸುತ್ತಿ ಬರತೈತ್ರಿ. ಬರೀ ತಾಮ್ರ ಬರೀ ತಾಮ್ರಕ್ಕ ತಾಗಿದ್ರ ಸುತ್ತೋದು ಯಾಕ ಅಂತ ಅಡ್ಡದಾರಿ ಹಿಡಿದು ಸೀದಾ ಹೋಗಿಬಿಡ್ತೈತಿ. ಮೊಳಿಗೆ ಜೋರು ಎಲ್ಲಿಂದ ಬರಬೇಕು?"

"ಮತ್ತ ಅಕಿ ತುದಿ ಕೆರೆದಿದ್ಳಲ್ಲ?"

"ತುದಿ ಅಷ್ಟ ಕೆರೀಬೇಕ್ರಿ!"

ಹಂಪಣ್ಣ ಎಲ್ಲರಿಗೂ ಕೇಳುವಂತೆ, "ಅಲ್ಲೋ ಅಮರಗುಂಡಪ್ಪ, ಪಣ ಗೆಲ್ಲಾಕ ಮಗಳ ಸಾಮಾನು ಕೆಡಿಸಿದೇನೋ?" ಎಂದ. ಇಡೀ ಶಾಲೆ ನನ್ನತ್ತ ನೋಡಿತು. ಪ್ರೀತಿಯಿಂದ ತಿಕ್ಕಿದ್ದು ಎಂದು ತೋರಿಸಲು ಕೆಂಪು ಬೆರಳು ಎತ್ತಿ ಹಿಡಿದೆ. ಸಿಟ್ಟು ಯಾರ ಮೇಲೆ ಮಾಡಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಶೇಖರಮ್ಮ ಕಣ್ಣು ಒರೆಸಿಕೊಂಡು, "ಯವ್ವಾ, ನನಗ ತೆಳು ಬಟ್ಟಿ ಬೇಕು. ಉದ್ದಂದು" ಎಂದಳು.

ಪಾರ್ವತೆಮ್ಮ ಅತ್ತ ಇತ್ತ ನೋಡಲಿಲ್ಲ. ನೆಟ್ಟಗೆ ನಡೆದು ಬಂದಳು. ನನ್ನ ತಲೆಯಿಂದ ರುಮಾಲು ಎತ್ತಿದಳು. ಚರ್ರನೆ ಹರಿದಳು. ಮೂವತ್ತು ವರ್ಷ ಊರಿಗೆ ಕಾಣಿಸದಂತೆ ಕಾಪಾಡಿದ ನನ್ನ ಬೋಳುತಲೆ, ಬೆಳಗಿದ ತಂಬಿಗೆಯ ಹಾಗೆ, ಮಸ್ಕಿಯ ಸಮಸ್ತ ಪ್ರಜೆಗಳಿಗೆ ಪ್ರದರ್ಶನವಾಯಿತು.

ಮಗಳು ತಂತಿ ಬಿಚ್ಚಿದಳು. ಮೊಳೆಗೆ ರುಮಾಲಿನ ಪಟ್ಟಿ ಸುತ್ತಿದಳು. ಅದರ ಮೇಲೆ ತಂತಿ, ಸುತ್ತಿಗೆ ಸುತ್ತು ತಾಗದಂತೆ. ಅದರ ಮೇಲೆ ಮತ್ತೆ ಪಟ್ಟಿ, ಮತ್ತೆ ತಂತಿ. ಮಾಸ್ತರು ತಮ್ಮ ಬ್ಯಾಟರಿಯಿಂದ ಹೊಸ ಸೆಲ್ಲು ತೆಗೆದುಕೊಟ್ಟರು. ಅವಳು ಮುಟ್ಟಿಸಿದಳು. ಗುಂಡುಸೂಜಿಗಳು ಇರುವೆ ಮುತ್ತಿದಂತೆ ಮೊಳೆಗೆ ಮುತ್ತಿದವು. ಬಿಟ್ಟಳು, ಉದುರಿದವು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ಪಣ ನೆನಪಾಯಿತು.

ಹೋದ ಮಾನವನ್ನು ಮರಳಿ ತರಲು ಇದೇ ಸಮಯ ಎನಿಸಿತು. ಓದಿಗೆ ಕಳಿಸುವುದೋ ಬಿಡುವುದೋ ಮನೆಯಲ್ಲಿ ನೋಡೋಣ, ಮೊದಲು ಅಂಗಡಿಯ ಹೆಸರು ಉಳಿಯಲಿ. ಕಿಸೆಯಿಂದ ಹಂಪಣ್ಣನ ಚಮಚ ತೆಗೆದು ಮೇಜಿನ ಮೇಲಿಟ್ಟೆ.

"ಮಸ್ಕಿ ಮಂದಿ ನೋಡ್ರಿ! ಕಬ್ಬಿಣ ಕರೆದಲ್ಲಿಗೆ ಹೋತು. ಇದು ಅಸಲಿ ಹಿತ್ತಾಳಿ, ಯಾರು ಕರೆದ್ರೂ ಅಲ್ಲಾಡಂಗಿಲ್ಲ! ಹಿಡಿಯಬೇ ಮೊಳಿ!"

"ಬ್ಯಾಡ ಯಪ್ಪಾ" ಎಂದಳು ಮಗಳು.

"ಹಿಡಿ ಅಂದ್ರ ಹಿಡಿ!"

ಹಿಡಿದಳು. ಟಕ್ ಎಂದಿತು. ಚಮಚ ಮೇಜಿನಿಂದ ಎದ್ದು ಮೊಳೆಗೆ ಕಚ್ಚಿಕೊಂಡು ತೂಗಾಡಿತು.

ನಾನು, ಹಿತ್ತಾಳೆ ಎದ್ದಿತಲ್ಲ, ಇದೆಂಥ ಪವಾಡ ಎಂದು ಕೈ ಮುಗಿಯಲು ಹೊರಟಿದ್ದೆ. ಮಾಸ್ತರು ಚಮಚ ಕಿತ್ತು ಚಾಕುವಿನಿಂದ ಕೆರೆದರು. ಹಳದಿ ಹೋಗಿ ಒಳಗಿನ ಕರಿ ಕಾಣಿಸಿತು. "ಗಿಲೀಟು, ಸಾವ್ಕಾರ್ರ" ಎಂದರು ಮೆಲ್ಲಗೆ. "ಮ್ಯಾಲ ಹಿತ್ತಾಳಿ ನೀರು ಕುಡಿಸ್ಯಾರ. ಒಳಗ ಕಬ್ಬಿಣ."

"ನನ್ನ ಹೋಟೆಲ್ದಾಗ ಎರಡು ಡಜನ್ ಅದಾವು!" ಎಂದು ಹಂಪಣ್ಣ ಎದ್ದು ಓಡಿದ. ಅವನ ಹಿಂದೆ ಅರ್ಧ ಸಭೆ ತಮ್ಮ ತಮ್ಮ ಮನೆಗೆ ಓಡಿತು. ಅರ್ಧ ಗಂಟೆಯಲ್ಲಿ ಎಲ್ಲರೂ ಚಮಚ, ಸವುಟು, ದೀಪದ ಸರಪಳಿ ಹಿಡಿದು ಮಗಳ ಮುಂದೆ ಸಾಲು ನಿಂತಿದ್ದರು. "ಇದೊಂದು ನೋಡವ್ವಾ ಶೇಖರಮ್ಮ." ಟಕ್. "ಇದೂ ನೋಡವ್ವಾ." ಟಕ್. ಒಂದೊಂದು ಟಕ್ಕಿಗೂ ನನ್ನ ಬೋಳುತಲೆಯ ಮೇಲೆ ಯಾರೋ ಅದೇ ಸವುಟಿನಿಂದ ಬಡಿದಂತಾಗುತ್ತಿತ್ತು. ನನಗೂ ಗೊತ್ತಿರಲಿಲ್ಲ, ನಾನೂ ಮೋಸ ಹೋದವನೇ ಎಂದರೆ, ಮೂವತ್ತು ವರ್ಷ ಹಿತ್ತಾಳೆ ಮಾರಿದವನ ಮಾತು ಯಾರು ನಂಬಬೇಕು?

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಶೇಖರಮ್ಮನ ಟ್ರಂಕು ನಾನೇ ಹೊತ್ತು ಹಾಕಿದೆ.

"ಪರೀಕ್ಷಿ ಇನ್ನೂ ಹದಿನೈದು ದಿನ ಐತ್ರೀ!" ಎಂದಳು ಪಾರ್ವತೆಮ್ಮ.

"ಪರೀಕ್ಷಿಗೆ ಬಂದು ಹೋಗ್ಲಿ. ಕೊಟ್ಟ ಮಾತು ಅಂದ್ರ ಕೊಟ್ಟ ಮಾತು" ಎಂದೆ. ಟ್ರಂಕಿನ ತಳದಲ್ಲಿ, ಸೀರೆಯ ಕೆಳಗೆ, ಆ ಮೊಳೆಯನ್ನೂ ಸೆಲ್ಲುಗಳನ್ನೂ ನನ್ನ ಕೈಯಾರೆ ಇಟ್ಟಿದ್ದೆ. ಹುಡುಗಿ ಹೋದರೂ ಮೊಳೆ ಮಸ್ಕಿಯಲ್ಲಿ ಉಳಿಯಬಾರದು.

ಈಗ ಅವಳು ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ. ಮನೆಯಲ್ಲಿ ನಾವಿಬ್ಬರೇ, ನಡುವೆ ಬಟ್ಟೆ ಇಲ್ಲದ ಎರಡು ತಂತಿಗಳು; ದಿನಕ್ಕೆ ಎರಡು ಸಲ ಬಿಸಿಯಾಗುತ್ತೇವೆ. ಆದರೂ ಮೊಳೆ ಊರು ಬಿಟ್ಟಿತಲ್ಲ ಎಂದು ಸಮಾಧಾನ ಇತ್ತು.

ನಿನ್ನೆ ಮಧ್ಯಾಹ್ನ ಜಿಲಾನಿಸಾಬ್ ಮಾಸ್ತರು ಅಂಗಡಿಗೆ ಬಂದರು. ಬಹಳ ಖುಷಿಯಲ್ಲಿದ್ದರು. ಹೋದ ವರ್ಷದ ಪ್ರದರ್ಶನ ಊರಿಗೆ ಅಷ್ಟು ಹಿಡಿಸಿತ್ತಂತೆ. ಅದಕ್ಕೆ ಈ ವರ್ಷ ಏಳನೇ ತರಗತಿಯ ಇಪ್ಪತ್ತೆಂಟು ಮಕ್ಕಳಿಗೂ ಶೇಖರಮ್ಮ ಮಾಡಿದಂಥದೇ ಒಂದೊಂದು ಮಾಡಿಸುತ್ತಾರಂತೆ.

"ಗೇಣುದ್ದದ ದಪ್ಪ ಮೊಳಿ ಇಪ್ಪತ್ತೆಂಟು ಬೇಕಾಗಿದ್ದುವು, ಸಾವ್ಕಾರ್ರ" ಎಂದರು. "ಅಸಲಿ ಕಬ್ಬಿಣದ್ದು ಇದ್ರ ನೋಡ್ರಿ."