ಆಯುಧಪೂಜೆಗೆ ಕೂತ ಹತ್ತೊಂಬತ್ತು ಊರು

"ಹತ್ತು ನಿಮಿಷ! ಹನ್ನೊಂದನೇ ನಿಮಿಷ ಆದ್ರೆ ನನ್ನ ಹೆಸರು ಗೋಪಿನೇ ಅಲ್ಲ!"

ಆಯುಧಪೂಜೆಯ ಬೆಳಗ್ಗೆ, ಬಂಗಾರಪೇಟೆಯ ತನ್ನ ಮನೆಯ ನಡುಮನೆಯಲ್ಲಿ ನಿಂತು ಗೋಪಿ ಹೆಂಡತಿ ಶ್ಯಾಮಲಳ ಮುಂದೆ ಹೀಗೆ ಶಪಥ ಮಾಡಿದ. ಹಿಂದಿನ ದಿನವಷ್ಟೇ ಹೊಸ ಕಂಪ್ಯೂಟರ್ ಬಂದಿತ್ತು. ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸಾಗಿಸಬೇಕಿತ್ತು.

"ಕೆಜಿಎಫ್ ಕುಪ್ಪುಸ್ವಾಮಿ ಅಣ್ಣನ್ನ ಒಂದು ಮಾತು ಕೇಳ್ರಿ. ಹಳೇದನ್ನ ಕೂಡಿಸಿಕೊಟ್ಟೋರು ಅವರೇ ಅಲ್ವಾ?" ಎಂದಳು ಶ್ಯಾಮಲ.

"ಕುಪ್ಪುಸ್ವಾಮಿನಾ! ಸತ್ರೂ ಕೇಳಲ್ಲ! ಹೋದ ಸಲ ಒಂದು ಸಣ್ಣ ವಿಷಯ ಕೇಳಿದ್ದಕ್ಕೆ ಆಂಡರ್ಸನ್‌ಪೇಟೆಗೆಲ್ಲ ಕೇಳೋ ಹಂಗೆ ನಕ್ಕ!"

ಗೋಪಿಯ ಕೆಲಸವೇನೆಂದು ಹೇಳಿಬಿಡಬೇಕು. ಒಂದು ಹಾಲಿನ ಕಂಪನಿಗೆ ಸುತ್ತಮುತ್ತಲ ಹತ್ತೊಂಬತ್ತು ಊರುಗಳಲ್ಲಿ ಹಾಲು ಕೊಳ್ಳುವ ಕೇಂದ್ರಗಳಿವೆ. ಒಂದೊಂದರಲ್ಲೂ ಫ್ಯಾಟ್ ನೋಡಿ ಚೀಟಿ ಕೊಡುವ ಪುಟ್ಟ ಕಂಪ್ಯೂಟರ್. ಅದು ಮುನಿಸಿಕೊಂಡರೆ ಗೋಪಿ ಮನೆಯಲ್ಲೇ ಕೂತು, ದೂರದಿಂದಲೇ ಒಳಹೊಕ್ಕುವ ಸಾಫ್ಟ್‌ವೇರ್ ತೆರೆದು, ಪಟ್ಟಿಯಲ್ಲಿ ಬೂದಿಕೋಟೆಯನ್ನೋ ಬೇತಮಂಗಲವನ್ನೋ ಒತ್ತಿ, ಒಳಗೆ ನುಗ್ಗಿ ಸರಿಮಾಡುತ್ತಿದ್ದ. ಚಪ್ಪಲಿ ಮೆಟ್ಟದೆ ಹತ್ತೊಂಬತ್ತು ಊರು ಸುತ್ತುವ ಗಂಡಸು ಈ ತಾಲ್ಲೂಕಿಗೆ ತಾನೊಬ್ಬನೇ ಎಂಬ ಹೆಮ್ಮೆ ಬೇರೆ! ಪ್ರತಿ ಊರಿನ ಮಾರುದ್ದದ ನಂಬರು, ಗುಟ್ಟು, ಕೀಲಿ ಎಲ್ಲ ಆ ಪಟ್ಟಿಯಲ್ಲಿತ್ತು. ಗೋಪಿಯ ತಲೆಯಲ್ಲಿ ಒಂದೂ ಇರಲಿಲ್ಲ.

ಅವನು ಹಳೆಯ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿದ, ಸಾಫ್ಟ್‌ವೇರನ್ನು ಎತ್ತಿದ, ಹೊಸದಕ್ಕೆ ಇಳಿಸಿದ. ಆರೇ ನಿಮಿಷ! "ನೋಡಿದ್ಯಾ?" ಎಂದು ಮೀಸೆಯ ಮೇಲೆ ಕೈಯಾಡಿಸಿದ. ತೆರೆದು ನೋಡುವ ಅಗತ್ಯ ಮಾತ್ರ ಆ ವೀರನಿಗೆ ಕಾಣಲಿಲ್ಲ.

ಅಷ್ಟರಲ್ಲಿ ಅವನ ತಾಯಿ ಮುನಿನಾರಾಯಣಮ್ಮ ಗಂಧದ ಬಟ್ಟಲು ಹಿಡಿದು ಬಂದರು. ಕುಡುಗೋಲು, ಗುದ್ದಲಿ, ಹಾಲಿನ ಕ್ಯಾನು, ಶ್ಯಾಮಲಳ ಹೊಲಿಗೆ ಮಿಷನ್, ಎಲ್ಲದರ ಸಾಲಿಗೆ ಹಳೆಯ ಕಂಪ್ಯೂಟರೂ ಹೋಗಿ ಕೂತಿತು.

"ಇವತ್ತು ಇದನ್ನ ಮುಟ್ಟಂಗಿಲ್ಲ ಕಣ್ಲಾ. ವರ್ಸವೆಲ್ಲಾ ದುಡಿದೈತೆ, ಒಂದಿನ ಸುಮ್ಕೆ ಕೂತ್ಕಳ್ಳಿ. ಎಲ್ಲಿ, ಆ ಹೊಸದನ್ನೂ ತತ್ತಾ."

ಹೊಸದೂ ಹೋದರೆ ಸಂಜೆಯ ಹಾಲಿನ ಗತಿ? ಗೋಪಿ ವಕೀಲನಾದ. "ಅಮ್ಮ, ಕೆಲ್ಸ ಮಾಡಿದ್ರೆ ತಾನೆ ಆಯುಧ? ಇದು ಇನ್ನೂ ಒಂದು ಕಡ್ಡೀನೂ ಎತ್ತಿಟ್ಟಿಲ್ಲ. ಕೆಲ್ಸ ಮಾಡದ್ದಕ್ಕೆ ಯಾತಕ್ಕೆ ಕುಂಕುಮ?"

ಮುನಿನಾರಾಯಣಮ್ಮ ಕ್ಷಣ ಯೋಚಿಸಿದರು. "ಅದೂ ನಿಜವೇ ಬಿಡು," ಎಂದು ಒಪ್ಪಿಕೊಂಡರು. ಗೆದ್ದ ಸಂತೋಷದಲ್ಲಿ ಗೋಪಿ ಹೋಳಿಗೆ ಒಂದು ಹೆಚ್ಚೇ ತಿಂದ.

ಸಂಜೆ ಐದಕ್ಕೆ ಫೋನು ಬಂತು. ಕಾಮಸಮುದ್ರ ಕೇಂದ್ರದ ವೆಂಕಟರತ್ನಮ್ಮ.

"ಅಯ್ಯೋ ದೇವುಡಾ, ಗೋಪಿ! ಚೀಟಿ ಬತ್ತಾ ಇಲ್ಲಪ್ಪಾ! ಕೆಂಪು ದೀಪ ಮಿಣಕ್ ಮಿಣಕ್ ಅಂತೈತೆ. ಜನ ಕ್ಯಾನು ಹಿಡ್ಕಂಡು ಬೀದಿವರ್ಗೂ ನಿಂತವ್ರೆ!"

"ಎರಡೇ ನಿಮಿಷ ಅಕ್ಕ, ಇಲ್ಲಿಂದಲೇ ಬಂದೆ!"

ಗೋಪಿ ಠೀವಿಯಿಂದ ಹೊಸ ಕಂಪ್ಯೂಟರಿನ ಮುಂದೆ ಕೂತ. ಸಾಫ್ಟ್‌ವೇರ್ ತೆರೆದುಕೊಂಡಿತು. ಪಟ್ಟಿ ಖಾಲಿ! ಬೂದಿಕೋಟೆ ಇಲ್ಲ, ಬೇತಮಂಗಲ ಇಲ್ಲ, ಕಾಮಸಮುದ್ರ ಇಲ್ಲವೇ ಇಲ್ಲ. ಮುಚ್ಚಿ ತೆರೆದ. ಖಾಲಿ. ಕಂಪ್ಯೂಟರನ್ನೇ ಆರಿಸಿ ಹೊತ್ತಿಸಿದ. ಹತ್ತೊಂಬತ್ತು ಊರೂ ಗುಳೆ ಎದ್ದು ಹೋಗಿದ್ದವು!

ಹೋದ ತಿಂಗಳಷ್ಟೇ ಕಂಪನಿಯ ಮ್ಯಾನೇಜರ್ ಹೇಳಿದ್ದರು: "ಇನ್ನೊಂದು ಸಂಜೆ ಎಲ್ಲಾದರೂ ಹಾಲು ನಿಂತರೆ ನಿಮ್ಮ ಕೆಲಸ ಬೇರೆಯವರಿಗೆ." ಆ ಇನ್ನೊಂದು ಸಂಜೆ ಬಂದು ಬಾಗಿಲಲ್ಲಿ ನಿಂತಿತ್ತು. ಗೋಪಿಗೆ ನಿಜಕ್ಕೂ ಭಯವಾಯಿತು.

"ಕುಪ್ಪುಸ್ವಾಮಿ ಅಣ್ಣನಿಗೆ..." ಎಂದು ಶ್ಯಾಮಲ ಬಾಯಿ ತೆರೆಯುವಷ್ಟರಲ್ಲಿ ಅವನೇ ನಂಬರ್ ಒತ್ತಿದ್ದ. ಶಪಥ ಮಾಡುವಾಗ ಹೊಟ್ಟೆ ತುಂಬಿರುತ್ತದೆ!

ಕುಪ್ಪುಸ್ವಾಮಿ ಪೂರ್ತಿ ಒಂದು ನಿಮಿಷ ನಕ್ಕ. "ಅಯ್ಯೋ ತಂಬೀ! ಪಾತ್ರೆ ತಂದ್ಯಾ, ಸಾಂಬಾರ್ ಅಲ್ಲೇ ಬಿಟ್ಯಾ! ಪಟ್ಟಿ ಸಾಫ್ಟ್‌ವೇರ್ ಒಳಗಿರಲ್ಲಪ್ಪ, ವಿಂಡೋಸ್ ಹೊಟ್ಟೇಲಿ ರಿಜಿಸ್ಟ್ರಿ ಅಂತ ಒಂದು ಉಗ್ರಾಣ ಐತೆ, ಅದ್ರಲ್ಲಿರೋದು. ಹಳೇದನ್ನ ಆನ್ ಮಾಡು, ಆ ಭಾಗವನ್ನ ಒಂದು ಫೈಲ್ ಮಾಡಿ ಪೆನ್‌ಡ್ರೈವ್‌ಗೆ ಎತ್ತು. ನಾನು ಲೈನಲ್ಲೇ ಇರ್ತೀನಿ. ಹಳೇದು ಎಲ್ಲೈತೆ?"

"ಪೂಜೆಗೆ ಕೂತಿದೆ ಅಣ್ಣ."

ಆ ಕಡೆ ಇನ್ನೊಂದು ನಿಮಿಷದ ನಗು ಶುರುವಾಯಿತು.

ಗೋಪಿ ತಾಯಿಯ ಮುಂದೆ ಹೋಗಿ ಕೈಮುಗಿದು ನಿಂತ. "ಅಮ್ಮ, ಮುಟ್ಟಲೇಬೇಕು. ಇಲ್ದಿದ್ರೆ ನಾಳೆಯಿಂದ ನಮ್ಮ ಅನ್ನಕ್ಕೇ ಕಲ್ಲು ಬೀಳುತ್ತೆ."

ಮಗನ ಮುಖ ನೋಡಿ ಮುನಿನಾರಾಯಣಮ್ಮ ಕರಗಿದರು. ಎದ್ದು ಕಂಪ್ಯೂಟರಿನ ಮುಂದೆ ಕರ್ಪೂರ ಹಚ್ಚಿ, "ತಪ್ಪಾಯ್ತು ತಾಯಿ, ಮಗೀನ ಹೊಟ್ಟೆಪಾಡು. ಒಂದ್ ಗಳಿಗೆ ಎದ್ದು ಆಮ್ಯಾಕೆ ಮಲಿಕ್ಕೊ," ಎಂದು ಕೆನ್ನೆ ಬಡಿದುಕೊಂಡು ಚೆಂಡುಹೂವಿನ ಹಾರ ತೆಗೆದರು.

ಹಳೆಯ ಕಂಪ್ಯೂಟರು ಹೊತ್ತಿಕೊಂಡಿತು. ಫ್ಯಾನು ತಿರುಗಿದ್ದೇ ತಡ, ಜಾಲರಿಗೆ ಬಳಿದಿದ್ದ ವಿಭೂತಿಯೆಲ್ಲ ಭುಸ್ಸೆಂದು ಹೊರಬಂದು ಗೋಪಿ ನಿಂತಲ್ಲೇ ಸನ್ಯಾಸಿಯಾದ! ಆದರೂ ಜಗ್ಗಲಿಲ್ಲ. ಕಣ್ಣೊರೆಸಿಕೊಂಡು ನೋಡಿದರೆ ಪರದೆಯ ಮೇಲೆ ಹತ್ತೊಂಬತ್ತು ಊರೂ ನಗುತ್ತಿವೆ. ಪೆನ್‌ಡ್ರೈವ್ ಚುಚ್ಚಿದ. ಹೋಗಲಿಲ್ಲ. ತಿರುಗಿಸಿ ಚುಚ್ಚಿದ. ಊಹೂಂ. ಬಗ್ಗಿ ನೋಡಿದರೆ ಕಂಪ್ಯೂಟರಿನ ಖಾಲಿ ಇದ್ದ ಒಂದೊಂದು ತೂತಿಗೂ ಗಂಧ! ಮೇಲೊಂದು ಕುಂಕುಮದ ಬೊಟ್ಟು! ಬೆಳಗಿನಿಂದ ಒಣಗಿ ಗಾರೆಯಂತಾಗಿತ್ತು. ಹಳೆಯದರಿಂದಲೇ ಕಾಮಸಮುದ್ರಕ್ಕೆ ನುಗ್ಗೋಣವೆಂದರೆ ನೆಟ್‌ವರ್ಕ್ ವೈರಿನ ತೂತೂ ಭರ್ತಿ.

"ಅಮ್ಮಾ! ತೂತಿಗೆಲ್ಲ ಯಾಕಮ್ಮ ಮೆತ್ತಿದ್ದೀಯ?"

"ಬಾಗಿಲಿಗೆ ಇಕ್ಕಲ್ವಾ? ಅಂಗೇ ಇದ್ರ ಬಾಗಿಲು ಅನ್ಕಂಡೆ."

"ಗಂಧ ಇದ್ರೆ ಒಳಕ್ಕೆ ಹೋಗಲ್ಲಮ್ಮ!"

"ಓ... ಗಂಧ ಇದ್ರೆ ಕೆಲ್ಸ ಮಾಡಲ್ವಾ?" ಎಂದು ಮುನಿನಾರಾಯಣಮ್ಮ ಗಲ್ಲಕ್ಕೆ ಬೆರಳಿಟ್ಟರು. "ಲೇ ಗೋಪಿ, ಅಂಗಾರೆ ಆ ಕಾಮಸಮುದ್ರದಲ್ಲೂ..."

"ನೀನು ಸುಮ್ನಿರಮ್ಮ! ಇದೆಲ್ಲ ನಿಂಗೆ ತಿಳಿಯಲ್ಲ!"

ಮುನಿನಾರಾಯಣಮ್ಮ ಎದ್ದು ಹಿತ್ತಿಲಿಗೆ ಹೋದರು.

ಗೋಪಿ ಪೊರಕೆಕಡ್ಡಿ ಹಿಡಿದು ಮಂಡಿಯೂರಿದ. ಶ್ಯಾಮಲ ಟಾರ್ಚ್ ಹಿಡಿದಳು. ಕುಪ್ಪುಸ್ವಾಮಿ ಫೋನಿನಲ್ಲಿ "ಮೆಲ್ಲ, ಮೆಲ್ಲ ತಂಬೀ, ತಗಡು ಮುರಿದೀಯ!" ಎನ್ನುತ್ತಿದ್ದ. ಇಪ್ಪತ್ತೈದು ನಿಮಿಷ ಕೆರೆದ ಮೇಲೆ ಪೆನ್‌ಡ್ರೈವ್ ಒಳಹೋಯಿತು. ಉಗ್ರಾಣದ ಬಾಗಿಲು ತೆರೆಯಿತು. ಪಟ್ಟಿ ಫೈಲಾಯಿತು, ಫೈಲು ಪೆನ್‌ಡ್ರೈವ್ ಏರಿತು, ಹೊಸದಕ್ಕೆ ಇಳಿಯಿತು. "ಸೇರಿಸಲೇ?" ಎಂದು ಅದು ಕೇಳಿತು. "ಸೇರಿಸು ತಾಯಿ!" ಎಂದು ಗೋಪಿ ಒತ್ತಿದ. ಹತ್ತೊಂಬತ್ತು ಊರೂ ಸಾಲಾಗಿ ಬಂದು ನಿಂತವು!

"ಬಂತು!" ಎಂದು ಕೂಗಿದ ರಭಸಕ್ಕೆ ಹಿತ್ತಿಲಲ್ಲಿದ್ದ ಹಸು ಅಂಬಾ ಎಂದಿತು. ಕಾಮಸಮುದ್ರ ಒತ್ತಿದ, ಒಳಗೆ ನುಗ್ಗಿದ. ನುಗ್ಗಿ ನೋಡಿದರೆ ಕೆಡುಕೇನೂ ಇಲ್ಲ. ಅರವತ್ತೆರಡು ಚೀಟಿ ಆಗಲೇ ಅಚ್ಚಾಗಿದ್ದವು. ಗೋಪಿ ಗಾಬರಿಯಿಂದ ಫೋನು ಮಾಡಿದ.

"ಚೀಟಿನಾ?" ಎಂದರು ವೆಂಕಟರತ್ನಮ್ಮ. "ಅದು ಸರೋಗಿ ಎಷ್ಟೊತ್ತಾಯ್ತಪ್ಪಾ! ಒರ್ಸೋಕೆ ಅಂತ ಚೀಟಿ ಮಿಷನ್ ವೈರ್ ಕಿತ್ತವ್ಳು, ಆ ತೂತಿಗೂ ಗಂಧ ಇಕ್ಕಿ ಅಂಗೇ ಸಿಗಾಕ್ಸಿದ್ದೆ. ನಿಮ್ಮಮ್ಮ ಫೋನ್ ಮಾಡಿ, 'ಗಂಧ ಎಲ್ಲೆಲ್ಲಿ ಇಕ್ಕಿದ್ದೀಯಾ ರತ್ನ?' ಅಂದ್ರು. ಕೆರೆದು ಚುಚ್ಚಿದೆ, ಬಂತು! ಹಾಲೆಲ್ಲಾ ಲಾರಿ ಹತ್ತೋಯ್ತು."

ಗೋಪಿ ಮೆಲ್ಲಗೆ ಹಿಂದೆ ತಿರುಗಿದ. ಮುನಿನಾರಾಯಣಮ್ಮ ತಮ್ಮ ಗುಂಡಿ ಫೋನನ್ನು ಸೆರಗಿನಲ್ಲಿ ಒರೆಸುತ್ತ ಬಾಗಿಲಲ್ಲಿ ನಿಂತಿದ್ದರು.

"ನಿನ್ ಹತ್ರ ಅವರ ನಂಬರ್ ಹೆಂಗಮ್ಮ?"

"ನಿನ್ ಫೋನ್ ಸಿಗ್ದಿದ್ರೆ ಹತ್ತೊಂಬತ್ ಊರೋರೂ ನಂಗೇ ತಾನೆ ಮಾಡೋದು!"

"ಈ ಫೋನು ಹೋದ ವರ್ಷ ತಾನೆ ಬಂದಿದ್ದು? ಹಳೇದ್ರಿಂದ ನಂಬರೆಲ್ಲ ಯಾರು ಸಾಗಿಸಿಕೊಟ್ರು?"

"ಸಾಗಿಸೋದೇನ್ಲಾ? ಶ್ಯಾಮಲನ ಕೈಲಿ ಕ್ಯಾಲೆಂಡರ್ ಬೆನ್ ಮ್ಯಾಲೆ ಬರ್ಸಿಕ್ಕೊಂಡಿದ್ದೆ."

ಮುನಿನಾರಾಯಣಮ್ಮ ಹಳೆಯ ಕಂಪ್ಯೂಟರನ್ನು ಮತ್ತೆ ಮಣೆಯ ಮೇಲೆ ಮಲಗಿಸಿದರು. ಗುಂಡಿ ಫೋನನ್ನೂ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿದರು, ಈ ಸಲ ತೂತು ನೋಡಿಕೊಂಡು. ಆಮೇಲೆ ಹೊಸ ಕಂಪ್ಯೂಟರಿಗೊಂದು ಬೊಟ್ಟು. ಇವತ್ತು ಅದೂ ದುಡಿಯಿತಲ್ಲ!

ವಿಭೂತಿ ಮೆತ್ತಿಕೊಂಡು ಮೂಲೆಯಲ್ಲಿ ಕೂತಿದ್ದ ಗಂಡನನ್ನು ನೋಡಿ ಶ್ಯಾಮಲಳಿಗೆ ಪಾಪ ಅನ್ನಿಸಿತು. "ಅತ್ತೆ, ಇವರಿಗೂ ಒಂದು ಬೊಟ್ಟು ಇಡಿ," ಎಂದಳು.

ಮುನಿನಾರಾಯಣಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿ ಕುಂಕುಮದ ಬಟ್ಟಲು ಮುಚ್ಚಿದರು.

"ಬ್ಯಾಡಮ್ಮ. ಕೆಲ್ಸ ಮಾಡದ್ದಕ್ಕೆ ಯಾತಕ್ಕೆ ಕುಂಕುಮ ಅಂತ ಬೆಳಗ್ಗೆ ಅವನೇ ಅಂದವ್ನೆ!"